ಹೂಡಿಕೆ ನಿರ್ವಹಣೆ: ಕೆಲಸಕ್ಕೆ ತಕ್ಕ ಕೌಶಲ

ವ್ಯಾಪಾರಕ್ಕೆ ಬಂಡವಾಳ ಎಷ್ಟು ಮುಖ್ಯವೋ, ಆ ಬಂಡವಾಳವನ್ನು ನೋಡಿಕೊಳ್ಳುವವರ ಆಯ್ಕೆಯೂ ಅಷ್ಟೇ ಮುಖ್ಯ. ಪರರ ಹಣವನ್ನು ನಿರ್ವಹಿಸುವ ಸಂಸ್ಥೆಗಳಲ್ಲಂತೂ ಸಮರ್ಥ ನೌಕರನನ್ನೂ ತಪ್ಪು ಸ್ಥಾನದಲ್ಲಿ ಕೂರಿಸಿದರೆ ಸಂಸ್ಥೆಯೇ ಉರುಳಬಲ್ಲದು. ಲಂಡನ್ನಿನ ಬೇರಿಂಗ್ಸ್ ಬ್ಯಾಂಕಿನ ಪತನ ಇದಕ್ಕೆ ನಿದರ್ಶನ.

ಬೇರಿಂಗ್ಸ್ ಕಲಿಸಿದ ಪಾಠ

1762ರಲ್ಲಿ ಸ್ಥಾಪನೆಗೊಂಡ ಈ ಬ್ಯಾಂಕು, ತನ್ನ ಲೆಕ್ಕ ತೀರುವಳಿ ವಿಭಾಗದಲ್ಲಿ ದುಡಿದಿದ್ದ ನಿಕ್ ಲೀಸನ್ ಎಂಬ ಯುವಕನನ್ನು 1992ರಲ್ಲಿ ಸಿಂಗಪುರಕ್ಕೆ ಕಳುಹಿಸಿತು. ಬಾಕಿ ಉಳಿದ ಲೆಕ್ಕಪತ್ರಗಳನ್ನು ಸರಿಪಡಿಸುವುದರಲ್ಲಿ ಆತ ಹೆಸರು ಗಳಿಸಿದ್ದ. ಆದರೆ ಸಿಂಗಪುರದಲ್ಲಿ ಫ್ಯೂಚರ್ಸ್ ವಹಿವಾಟು ನಡೆಸುವ ಹೊಣೆಯೂ, ಅದೇ ವಹಿವಾಟಿನ ಲೆಕ್ಕವನ್ನು ತಾಳೆ ನೋಡುವ ವಿಭಾಗದ ಮೇಲ್ವಿಚಾರಣೆಯೂ ಅವನೊಬ್ಬನ ಕೈಸೇರಿದವು. ನಷ್ಟವನ್ನು ಆತ 88888 ಎಂಬ ಸಂಖ್ಯೆಯ ಖಾತೆಯಲ್ಲಿ ಬಚ್ಚಿಡುತ್ತ ಬಂದ. ಈ ಎರಡು ಹೊಣೆಗಳನ್ನು ಬೇರ್ಪಡಿಸಬೇಕೆಂದು ಆಂತರಿಕ ಲೆಕ್ಕಪರಿಶೋಧಕರು 1994ರಲ್ಲಿಯೇ ಸೂಚಿಸಿದ್ದರೂ ಅದು ಕಾರ್ಯಗತವಾಗಲಿಲ್ಲ. 1995ರ ಜನವರಿಯ ಕೋಬೆ ಭೂಕಂಪದ ಬಳಿಕ ಜಪಾನಿನ ಷೇರುಪೇಟೆ ಕುಸಿದಾಗ ನಷ್ಟ ಕೈಮೀರಿತು. ಫೆಬ್ರವರಿಯಲ್ಲಿ ಬ್ಯಾಂಕು ಮುಳುಗಿತು. ಒಟ್ಟು ನಷ್ಟ ಸುಮಾರು 82.7 ಕೋಟಿ ಪೌಂಡ್. ನೆದರ್ಲೆಂಡ್ಸಿನ ಐಎನ್‌ಜಿ ಸಂಸ್ಥೆ ಅದನ್ನು 1 ಪೌಂಡಿಗೆ ಕೊಂಡಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಯಾರಿಗೆ ಯಾವ ಕೆಲಸ?

ಹೂಡಿಕೆ ಸಂಸ್ಥೆಯ ಕೆಲಸಗಳು ಒಂದೇ ಬಗೆಯವಲ್ಲ. ಕಂಪನಿಗಳ ಅಢಾವೆ ಪತ್ರಿಕೆಗಳನ್ನು ತಿಂಗಳುಗಟ್ಟಲೆ ಪರಿಶೀಲಿಸುವ ವಿಶ್ಲೇಷಕನಿಗೆ ತಾಳ್ಮೆ, ಕುತೂಹಲ ಬೇಕು. ನಿಧಿ ನಿರ್ವಾಹಕನಿಗೆ ಅರೆಬರೆ ಮಾಹಿತಿಯಲ್ಲೂ ನಿರ್ಧಾರ ಕೈಗೊಳ್ಳುವ ಧೈರ್ಯ, ತಪ್ಪಿದಾಗ ಒಪ್ಪಿಕೊಳ್ಳುವ ಮನಸ್ಸು ಬೇಕು. ಖರೀದಿ-ಮಾರಾಟದ ಆದೇಶ ನೀಡುವ ಡೀಲರನಿಗೆ ಚುರುಕು ಅಗತ್ಯವಾದರೆ, ಲೆಕ್ಕ ತೀರುವಳಿ ವಿಭಾಗದವನಿಗೆ ಒಂದು ಪೈಸೆಯ ವ್ಯತ್ಯಾಸವನ್ನೂ ಬಿಡದ ಕರಾರುವಾಕ್ಕುತನ ಅಗತ್ಯ. ನಿಯಮಪಾಲನಾ ಅಧಿಕಾರಿಗೆ ಮೇಲಧಿಕಾರಿಗೂ 'ಆಗದು' ಎನ್ನುವ ನಿಷ್ಠುರತೆ ಇರಬೇಕು. ಉತ್ತಮ ವಿಶ್ಲೇಷಕನಿಗೆ ಬಡ್ತಿಯ ಹೆಸರಿನಲ್ಲಿ ನಿಧಿಯ ಹೊಣೆ ಹೊರಿಸಿದರೆ, ಸಂಸ್ಥೆ ಒಬ್ಬ ಒಳ್ಳೆಯ ವಿಶ್ಲೇಷಕನನ್ನು ಕಳೆದುಕೊಂಡು ಹಿಂಜರಿಯುವ ನಿರ್ವಾಹಕನನ್ನು ಪಡೆಯುವ ಸಂಭವವುಂಟು.

ಪರೀಕ್ಷೆ ಮಾತ್ರ ಸಾಲದು

ಭಾರತದಲ್ಲಿ ಸೆಬಿಯು 2006ರಲ್ಲಿ ರಾಷ್ಟ್ರೀಯ ಷೇರುಪೇಟೆ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿ, ಮ್ಯೂಚುವಲ್ ಫಂಡ್ ವಿತರಕರು, ಸಂಶೋಧನಾ ವಿಶ್ಲೇಷಕರು, ಹೂಡಿಕೆ ಸಲಹೆಗಾರರು ಮೊದಲಾದವರಿಗೆ ಪ್ರತ್ಯೇಕ ಅರ್ಹತಾ ಪರೀಕ್ಷೆಗಳಿಗೆ ವ್ಯವಸ್ಥೆ ಮಾಡಿತು. ಪ್ರಮಾಣಪತ್ರವು ಜ್ಞಾನಕ್ಕೆ ಸಾಕ್ಷಿಯೇ ಹೊರತು ಸ್ವಭಾವಕ್ಕಲ್ಲ. ಅಭ್ಯರ್ಥಿಯನ್ನು ಕೆಲಕಾಲ ಬೇರೆ ಬೇರೆ ವಿಭಾಗಗಳಲ್ಲಿ ದುಡಿಸಿ, ಒತ್ತಡದಲ್ಲಿ ಆತನ ನಡೆ ಗಮನಿಸಿದ ನಂತರವೇ ಸ್ಥಾನ ನಿಗದಿಪಡಿಸುವುದು ಲೇಸು.

ಸಣ್ಣ ಉದ್ಯಮಿಗಳಿಗೂ ಈ ಮಾತು ಅನ್ವಯಿಸುತ್ತದೆ. ಮಾರಾಟದಲ್ಲಿ ಜಾಣನೆಂಬ ಕಾರಣಕ್ಕೆ ಒಬ್ಬನಿಗೇ ವಸೂಲಿ, ನಗದು ಪುಸ್ತಕ, ಬ್ಯಾಂಕಿನ ತಾಳೆಪಟ್ಟಿ ಮೂರನ್ನೂ ಒಪ್ಪಿಸುವ ರೂಢಿ ಅನೇಕ ಅಂಗಡಿ, ಕಾರ್ಖಾನೆಗಳಲ್ಲಿದೆ. ಸಿಬ್ಬಂದಿ ಇಬ್ಬರೇ ಇದ್ದರೂ ಹಣ ಮುಟ್ಟುವವನೊಬ್ಬ, ಲೆಕ್ಕ ಬರೆಯುವವನೊಬ್ಬ ಇರಲಿ. ತಾಳೆ ನೋಡುವ ಕೆಲಸವನ್ನು ಮಾಲೀಕರೇ ಇಟ್ಟುಕೊಳ್ಳಲಿ. ಇದು ನೌಕರರ ಮೇಲಿನ ಅಪನಂಬಿಕೆಯಲ್ಲ. ಅವರನ್ನೂ ಸಂಸ್ಥೆಯನ್ನೂ ಕಾಯುವ ಕ್ರಮ.