ಕುಡಿತ ಬಿಡಿಸುವ ಮಾತ್ರೆ: ಚಹಾದಲ್ಲಿ ಬೆರೆಸುವುದಲ್ಲ, ಕಣ್ಣೆದುರು ಕೊಡುವುದು

ಬೊರಿವಲಿ: ಬೆಳಿಗ್ಗಿನ ಚರ್ಚ್‌ಗೇಟ್ ಫಾಸ್ಟ್ ಹಿಡಿಯುವವರಿಗೆ ಆ ಚೀಟಿ ಹೊಸದಲ್ಲ. ಡಬ್ಬಿಯ ಗೋಡೆಗೆ ಅಂಟಿಸಿದ ಅಂಗೈಯಗಲದ ಕಾಗದ, ಹಿಂದಿಯಲ್ಲೋ ಮರಾಠಿಯಲ್ಲೋ ಎರಡು ಸಾಲು, ಕೆಳಗೊಂದು ಫೋನ್ ನಂಬರು. ದಾರೂ ಬಿಡಿಸುತ್ತೇವೆ, ಕುಡಿಯುವವನಿಗೆ ತಿಳಿಯದಂತೆ ಚಹಾದಲ್ಲೋ ಊಟದಲ್ಲೋ ಬೆರೆಸಿ ಕೊಟ್ಟರೆ ಸಾಕು ಎಂಬುದು ಅದರ ಸಾರ. ಎಲ್ಲರೂ ಓದುತ್ತಾರೆ, ಯಾರೂ ಓದಿದಂತೆ ತೋರಿಸಿಕೊಳ್ಳುವುದಿಲ್ಲ. ಮಹಿಳೆಯರ ಡಬ್ಬಿಯಲ್ಲಿ ಅಂಧೇರಿ ಬರುವುದರೊಳಗೆ ಯಾರೋ ಒಬ್ಬಾಕೆ ಆ ನಂಬರನ್ನು ಮೊಬೈಲಿಗೆ ಇಳಿಸಿಕೊಂಡಿರುತ್ತಾಳೆ. ಆಕೆ ನಮ್ಮ ಸಂಘದ ಅರಸಿನ ಕುಂಕುಮಕ್ಕೆ ಬರುವ ಸೋದರಿಯೇ ಆಗಿದ್ದರೂ ಆಶ್ಚರ್ಯವಿಲ್ಲ.

ಹೊಟೇಲು, ಪರ್ಮಿಟ್ ರೂಮುಗಳಲ್ಲಿ ಬೆವರು ಸುರಿಸಿ ಈ ನಗರದಲ್ಲಿ ನೆಲೆಕಂಡ ತುಳು-ಕನ್ನಡಿಗರಿಗೆ ಮದ್ಯ ದೂರದ ವಸ್ತುವೇನಲ್ಲ. ಕೆಲವರಿಗೆ ಅದು ವ್ಯಾಪಾರ. ಕೆಲವರಿಗೆ ತಡರಾತ್ರಿ ಶಟರ್ ಎಳೆದ ಮೇಲಿನ ದಣಿವಿಗೆ ಮದ್ದು. ಇನ್ನು ಕೆಲವರಿಗೆ ಮದರಂಗಿ ರಾತ್ರಿಯ ಸಂಭ್ರಮ. ಅದು ಯಾವಾಗ ರೋಗವಾಯಿತು ಎಂಬುದು ಮನೆಯವರಿಗೆ ಗೊತ್ತಾಗುವಾಗ ತಡವಾಗಿರುತ್ತದೆ. ಗೊತ್ತಾದ ಮೇಲೂ ಅದು ನಾಲ್ಕು ಗೋಡೆಯ ಗುಟ್ಟು. ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಮಂದಿಗೆ ನೆರವಿನ ಅಗತ್ಯವಿದೆ. ಕುಡಿತಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ ಎಂಬುದನ್ನೂ ಅದೇ ಸಮೀಕ್ಷೆ ಹೇಳುತ್ತದೆ. ಉಳಿದ 37 ಮನೆಗಳ ಬಾಗಿಲಿಗೆ ಬರುವುದು ರೈಲಿನ ಆ ಚೀಟಿಯೇ.

ಗುಟ್ಟಿನ ಪುಡಿ ಏಕೆ ಬೇಡ?

ಚೀಟಿಯ ಪುಡಿಯಲ್ಲಿ ಏನಿದೆ ಎಂದು ಕೊಡುವವನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಇತ್ತ, ಮೆಡಿಕಲ್ ಸ್ಟೋರಿನಲ್ಲಿ ಡೈಸಲ್ಫಿರಾಮ್ ಮಾತ್ರೆ ಹೇಗೋ ದೊರಕಿಸಿಕೊಂಡು, ಅರೆದು ಸಾಂಬಾರಿಗೆ ಹಾಕುವ ಮನೆಗಳೂ ಇವೆ. ಇದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧ. ಅದಕ್ಕೆ ಕಾರಣವೂ ಇದೆ.

ನಾವು ಕುಡಿದ ಮದ್ಯವನ್ನು ಪಿತ್ತಜನಕಾಂಗವು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿಯೂ, ಬಳಿಕ ಅದನ್ನು ನಿರಪಾಯದ ವಸ್ತುವಾಗಿಯೂ ಬದಲಿಸುತ್ತದೆ. ಡೈಸಲ್ಫಿರಾಮ್ ಈ ಎರಡನೆಯ ಹೆಜ್ಜೆಯನ್ನು ತಡೆಯುತ್ತದೆ. ಮಾತ್ರೆ ನುಂಗಿದವನು ಕುಡಿಯದಿದ್ದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಕುಡಿದನೋ, ಅರ್ಧ ಗಂಟೆಯೊಳಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ತಲೆ ಸಿಡಿದು, ವಾಂತಿಯಾಗುತ್ತದೆ. ರಕ್ತದೊತ್ತಡ ಕುಸಿಯಬಹುದು. ಹೃದಯದ ಕಾಯಿಲೆ ಇರುವವನಿಗೆ ಜೀವಕ್ಕೇ ಕುತ್ತು.

1948ರಲ್ಲಿ ಡೆನ್ಮಾರ್ಕಿನ ಜೆನ್ಸ್ ಹಾಲ್ಡ್ ಮತ್ತು ಎರಿಕ್ ಜೇಕಬ್‌ಸನ್ ಎಂಬ ಸಂಶೋಧಕರು ಮದ್ಯ ಬಿಡಿಸಲು ಇದರ ಉಪಯೋಗವನ್ನು ಲೋಕಕ್ಕೆ ತಿಳಿಸಿದರು. ಅವರು ಹುಡುಕುತ್ತಿದ್ದುದು ಹೊಟ್ಟೆಹುಳಕ್ಕೆ ಔಷಧ. ತಮ್ಮ ಮೇಲೆಯೇ ಮಾತ್ರೆ ಪ್ರಯೋಗಿಸಿ, ಬಳಿಕ ಸ್ವಲ್ಪ ಮದ್ಯ ತೆಗೆದುಕೊಂಡಾಗ ಆದ ಅವಸ್ಥೆಯೇ ಅವರಿಗೆ ದಾರಿ ತೋರಿತು. ಅವರಿಗೆ ತಾವು ನುಂಗಿದ್ದು ಏನೆಂದು ಗೊತ್ತಿತ್ತು. ಹೆಂಡತಿ ಚಹಾದಲ್ಲಿ ಬೆರೆಸಿಕೊಟ್ಟ ಗಂಡನಿಗೆ ಅದು ಗೊತ್ತಿರುವುದಿಲ್ಲ. ಆತ ಸಂಜೆ ಎಂದಿನಂತೆ ಕುಡಿಯುತ್ತಾನೆ, ಬಾರಿನಲ್ಲೇ ಕುಸಿಯುತ್ತಾನೆ, ಆಸ್ಪತ್ರೆಗೆ ಒಯ್ದವರಿಗೂ ಕಾರಣ ತಿಳಿಯುವುದಿಲ್ಲ. ಬದುಕಿ ಬಂದು ವಿಷಯ ತಿಳಿದ ದಿನ ಮನೆಯ ಅನ್ನದ ಮೇಲಿನ ನಂಬಿಕೆಯೇ ಹೋಗುತ್ತದೆ. ಮುಂದೆ ಒಳ್ಳೆಯ ವೈದ್ಯರು ಅದೇ ಮಾತ್ರೆ ಬರೆದುಕೊಟ್ಟರೂ ಆತ ಮುಟ್ಟಲಾರ.

ಮುಂಬಯಿಯ ಪುರಾವೆ

ಹಾಗಾದರೆ ಮಾತ್ರೆಯಿಂದ ಪ್ರಯೋಜನವಿಲ್ಲವೇ? ಇದೆ. ಅದಕ್ಕೆ ಸಾಕ್ಷಿ ನಮ್ಮ ನಗರದಲ್ಲೇ ಇದೆ. ಮುಂಬಯಿಯ ಮನೋವೈದ್ಯರಾದ ಡಾ. ಅವಿನಾಶ್ ಡಿಸೋಜಾ ಮತ್ತು ಡಾ. ಅಲನ್ ಡಿಸೋಜಾ ಅವರು ಮದ್ಯದ ದಾಸರಾಗಿದ್ದ 100 ಪುರುಷರಿಗೆ ಒಂದು ವರ್ಷ ಕಾಲ ಚಿಕಿತ್ಸೆ ನೀಡಿ, ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಕೆಲವರಿಗೆ ಡೈಸಲ್ಫಿರಾಮ್, ಉಳಿದವರಿಗೆ ನಾಲ್ಟ್ರೆಕ್ಸೋನ್. ವರ್ಷದ ಕೊನೆಗೆ ಡೈಸಲ್ಫಿರಾಮ್ ತೆಗೆದುಕೊಂಡವರಲ್ಲಿ ಶೇ. 86 ಮಂದಿ ಮದ್ಯದಿಂದ ದೂರವಿದ್ದರು. ನಾಲ್ಟ್ರೆಕ್ಸೋನ್ ತೆಗೆದುಕೊಂಡವರಲ್ಲಿ ಶೇ. 44. ಆದರೆ ಕುಡಿಯಬೇಕೆಂಬ ತುಡಿತ ಎರಡನೆಯ ಗುಂಪಿನಲ್ಲೇ ಕಡಿಮೆಯಿತ್ತು.

ಈ ಅಂಕಿಗಳ ಹಿಂದಿನ ಒಂದು ಷರತ್ತನ್ನು ಗಮನಿಸಬೇಕು. ಮಾತ್ರೆ ತಪ್ಪದಂತೆ ನೋಡಿಕೊಳ್ಳಲು ಮತ್ತು ವೈದ್ಯರ ಬಳಿಗೆ ಜತೆಯಲ್ಲಿ ಬರಲು ಮನೆಯವರೊಬ್ಬರು ಇದ್ದವರನ್ನಷ್ಟೇ ಈ ಅಧ್ಯಯನಕ್ಕೆ ಸೇರಿಸಿಕೊಳ್ಳಲಾಗಿತ್ತು. ರೋಗಿಗೂ ವೈದ್ಯರಿಗೂ ಯಾವ ಮಾತ್ರೆ ಎಂಬುದು ಗೊತ್ತಿತ್ತು. ಕುಡಿದರೆ ಏನಾದೀತು ಎಂಬ ಅರಿವೇ ಡೈಸಲ್ಫಿರಾಮಿನ ಅರ್ಧ ಬಲ. ಆ ಅರಿವು ಗುಟ್ಟಿನ ಪುಡಿಯಲ್ಲಿ ಇರಲು ಸಾಧ್ಯವೇ ಇಲ್ಲ. ಒಪ್ಪಿ ನುಂಗುವವನು ದಿನಕ್ಕೊಮ್ಮೆ, ಮಾತ್ರೆ ಕೈಗೆ ಬಂದಾಗ, ಇಂದು ಕುಡಿಯುವುದಿಲ್ಲ ಎಂದು ತೀರ್ಮಾನಿಸುತ್ತಾನೆ. ಸಂಜೆಯವರೆಗೆ ಮನಸ್ಸಿನೊಡನೆ ಜಗಳವಿಲ್ಲ. ಊರಿನ ದೇವರ ಮುಂದೆ ಮಾಡಿದ ಆಣೆ ಒಂದು ಸಲದ್ದು. ಇದು ದಿನವೂ ಹೊಸತಾಗುವ ಆಣೆ.

ಒಮ್ಮೆಲೇ ಬಿಟ್ಟರೂ ಅಪಾಯ

ದಿನವೂ ವಿಪರೀತ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸವೂ ಸಲ್ಲದು. ಕೊನೆಯ ಗ್ಲಾಸಿನ ಬಳಿಕ ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರೆಯಿಲ್ಲದಿರುವುದು ಆರಂಭವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಕೆಲವರಿಗೆ ದಿಕ್ಕು ದೆಸೆ ತಪ್ಪಿ, ಇಲ್ಲದ ಮನುಷ್ಯರು, ಹುಳುಗಳು ಕಾಣಿಸುತ್ತವೆ. ಇದನ್ನು ದೈವದ ಉಪದ್ರವವೆಂದು ತಿಳಿದು ಊರಿಗೆ ಫೋನ್ ಮಾಡಿ ಪ್ರಶ್ನೆ ಇರಿಸುವವರಿದ್ದಾರೆ. ನಂಬಿಕೆ ಇರಲಿ, ಆದರೆ ಮೊದಲು ಆಸ್ಪತ್ರೆ. ಮಾರ್ಚ್ 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ನೆರೆಯ ಕೇರಳ ಸರಕಾರ ವೈದ್ಯರ ಚೀಟಿಯ ಮೇರೆಗೆ ಮದ್ಯ ಕೊಡಲು ಆದೇಶಿಸಿ, ಅದಕ್ಕೆ ಹೈಕೋರ್ಟು ತಡೆ ನೀಡಿದ್ದು ಹಲವರಿಗೆ ನೆನಪಿರಬಹುದು. ಇದಕ್ಕೆ ಮದ್ಯ ಮದ್ದಲ್ಲ. ವೈದ್ಯರು ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆಯನ್ನು ಕೆಲವು ದಿನ ಕೊಟ್ಟು ಹಂತಹಂತವಾಗಿ ಕಡಿಮೆ ಮಾಡುತ್ತಾರೆ. ಜತೆಗೆ ಥಯಾಮಿನ್ ಅಂದರೆ ಬಿ-1 ಜೀವಸತ್ವ. ಡೈಸಲ್ಫಿರಾಮ್ ಮುಂತಾದವುಗಳ ಸರದಿ ಅನಂತರದ್ದು.

ಯಾರಿಗೆ ಯಾವುದು?

ನಾಲ್ಟ್ರೆಕ್ಸೋನ್ ಕುಡಿತದ ಮತ್ತಿನ ಸುಖವನ್ನೇ ತಗ್ಗಿಸುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಕೂಡದು. ಅಕಾಂಪ್ರೋಸೇಟ್ ಬಿಟ್ಟ ಮೇಲಿನ ಚಡಪಡಿಕೆಯನ್ನು ಶಮನಗೊಳಿಸುತ್ತದೆ. ಕೊಡುವ ಮೊದಲು ಕಿಡ್ನಿಯ ಪರೀಕ್ಷೆ ಬೇಕು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನೂ ಮದ್ಯದ ರೋಗಕ್ಕೆ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಲಿವರ್ ತೀರಾ ಹಾಳಾದವರಿಗೆ, ಹೃದ್ರೋಗಿಗಳಿಗೆ ಡೈಸಲ್ಫಿರಾಮ್ ಸಾಮಾನ್ಯವಾಗಿ ಕೊಡುವುದಿಲ್ಲ. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅದೇ ಮಾತ್ರೆ ತರುವುದು ಇದೇ ಕಾರಣಕ್ಕೆ ತಪ್ಪು.

ಡೈಸಲ್ಫಿರಾಮ್ ತೆಗೆದುಕೊಳ್ಳುವ ಮನೆ ಇನ್ನೂ ಕೆಲವು ವಿಷಯ ತಿಳಿದಿರಬೇಕು. ದಶಮೂಲಾರಿಷ್ಟ, ದ್ರಾಕ್ಷಾಸವದಂಥ ಅರಿಷ್ಟ-ಆಸವಗಳಲ್ಲಿ, ಕೆಲವು ಕೆಮ್ಮಿನ ಸಿರಪ್ ಮತ್ತು ಟಾನಿಕ್‌ಗಳಲ್ಲಿ ಮದ್ಯಸಾರ ಇರುತ್ತದೆ, ಅವು ಬೇಡ. ಮಾತ್ರೆ ನಿಲ್ಲಿಸಿದರೂ ಅದರ ಪ್ರಭಾವ ಎರಡು ವಾರದವರೆಗೆ ಉಳಿಯಬಹುದು. ಶನಿವಾರದ ಮಾತ್ರೆ ತಪ್ಪಿಸಿ ಭಾನುವಾರದ ಮದರಂಗಿಯಲ್ಲಿ ಕುಡಿಯುತ್ತೇನೆಂಬ ಲೆಕ್ಕಾಚಾರ ಪ್ರಾಣಕ್ಕೆ ಸಂಚಕಾರ. ತಾನು ಈ ಮಾತ್ರೆಯಲ್ಲಿದ್ದೇನೆ ಎಂದು ಬರೆದ ಚೀಟಿಯೊಂದು ರೈಲ್ವೇ ಪಾಸಿನ ಜತೆ ಇರಲಿ.

ಎಲ್ಲಿಗೆ ಹೋಗಬೇಕು?

ಬೊರಿವಲಿಯಿಂದ ಪ್ರಭಾದೇವಿಯಲ್ಲಿ ಇಳಿದು ಪರೇಲ್‌ನ ಕೆಇಎಂ ಆಸ್ಪತ್ರೆಗೆ ಹೋದರೆ ಮನೋರೋಗ ವಿಭಾಗವಿದೆ. ಬಾಂದ್ರಾದ ಮೌಂಟ್ ಕಾರ್ಮೆಲ್ ಚರ್ಚಿನಲ್ಲಿ 1981ರಲ್ಲಿ ಫಾದರ್ ಜೋ ಪಿರೇರಾ ಆರಂಭಿಸಿದ ಕೃಪಾ ಫೌಂಡೇಶನ್ ವ್ಯಸನಿಗಳ ಪುನರ್ವಸತಿಗೆ ಹೆಸರಾಗಿದೆ. ಫಾದರ್ ಜೋ ಅವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಶಿಷ್ಯರು ಎಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಲೇಖಕ ಅನಿಲ್ ಅವಚಟ್ ದಂಪತಿ 1986ರಲ್ಲಿ ಕಟ್ಟಿದ ಮುಕ್ತಾಂಗಣವಿದೆ. ಊರಿಗೆ ಹೋಗಿ ಶ್ರೀ ಕ್ಷೇತ್ರ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಸೇರುವವರು ತಮ್ಮ ಔಷಧಿಯ ವಿವರವನ್ನು ಜತೆಗೊಯ್ಯಲಿ. ಮನೆಯಿಂದಲೇ ವಿಚಾರಿಸಲು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿಮಾನಸ್ 14416 ಇವೆ.

ಖರ್ಚಿನ ಬಗ್ಗೆಯೂ ಒಂದು ಮಾತು. ಡೈಸಲ್ಫಿರಾಮ್ ಹಳೆಯ, ಅಗ್ಗದ ಮಾತ್ರೆ. ಆದರೆ ಮೆಡಿಕ್ಲೇಮ್ ಪಾಲಿಸಿಗಳ ಹೊರಗಿಡುವ ಪಟ್ಟಿಯಲ್ಲಿ 12ನೇ ಸಂಕೇತದಡಿ ಮದ್ಯವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳು ಸಾಮಾನ್ಯವಾಗಿ ಸೇರಿರುತ್ತವೆ. ಭರ್ತಿಯಾಗುವ ಮೊದಲೇ ಪಾಲಿಸಿ ಓದಿಕೊಂಡರೆ ಬಿಲ್ಲು ಬಂದಾಗ ಗಾಬರಿಯಾಗಬೇಕಾಗಿಲ್ಲ.

ಒಂಟಿ ಜೀವಗಳಿಗೆ ಯಾರು?

ಮಾತ್ರೆ ಕೈಯಲ್ಲಿ ಹಿಡಿದು ಎದುರು ನಿಲ್ಲಲು ಹೆಂಡತಿಯೋ ಅಣ್ಣನೋ ಇದ್ದವರ ಮಾತು ಒಂದಾಯಿತು. ಆದರೆ ಸಂಸಾರವನ್ನು ಊರಿನಲ್ಲಿ ಬಿಟ್ಟು, ಹೊಟೇಲಿನ ಮಾಳಿಗೆಯಲ್ಲಿ ಹತ್ತು ಮಂದಿಯ ನಡುವೆ ಮಲಗುವ ಕೆಲಸಗಾರನಿಗೆ ಬೆಳಿಗ್ಗೆ ಆ ಮಾತ್ರೆ ಕೊಡುವವರು ಯಾರು? ಸಂಘ-ಸಂಸ್ಥೆಗಳು ಕೈಹಿಡಿಯಬೇಕಾದ ಜಾಗ ಇದು. ವರ್ಷಕ್ಕೊಂದು ರಕ್ತದಾನ, ನೇತ್ರ ತಪಾಸಣೆ ಶಿಬಿರ ನಡೆಸುವ ಸಂಘವು ಒಬ್ಬ ಮನೋವೈದ್ಯರನ್ನೂ ಕರೆಸಬಹುದು. ಮಹಿಳಾ ವಿಭಾಗದಲ್ಲಿ ಮಾತು ಹೊರಹೋಗದಂತೆ ಕೇಳುವ ಇಬ್ಬರು ಹಿರಿಯ ಸೋದರಿಯರು ಇರಬಹುದು. ಹೊಟೇಲಿನ ಮಾಲಕರು ಗಲ್ಲಾಪೆಟ್ಟಿಗೆಯ ಪಕ್ಕ ಆತನ ಮಾತ್ರೆಯ ಪಟ್ಟಿ ಇಟ್ಟುಕೊಂಡು, ಬೆಳಿಗ್ಗೆ ತಿಂಡಿಯ ಬಳಿಕ ಆತನೇ ಬಂದು ಕೇಳಿ ನುಂಗುವಂತೆ ಮಾಡಬಹುದು. ಮದರಂಗಿಯ ರಾತ್ರಿ ಬೇಡ ಎಂದವನ ಕೈಗೆ ಮತ್ತೆ ಗ್ಲಾಸು ತುರುಕದಿರುವುದು ಇವೆಲ್ಲಕ್ಕಿಂತ ಸುಲಭದ ಸೇವೆ.

ರೈಲಿನ ಚೀಟಿಯನ್ನು ಕಿತ್ತರೆ ನಾಳೆ ಇನ್ನೊಂದು ಅಂಟಿಕೊಳ್ಳುತ್ತದೆ. ಆ ನಂಬರು ಬರೆದುಕೊಳ್ಳುವ ಸೋದರಿಗೆ ಅದಕ್ಕಿಂತ ಮೊದಲು ಸಂಘದ ಯಾರಾದರೊಬ್ಬರ ನಂಬರು ನೆನಪಾಗುವಂತಾದರೆ ಅಷ್ಟು ಸಾಕು.