ಪರದೆಯ ಪುಸ್ತಕ, ಅಂಗಳದ ಪಾಠ

ಸುತ್ತಲಿನ ಲೋಕವನ್ನು ಮಕ್ಕಳಿಗೆ ಕನ್ನಡದಲ್ಲೇ ಪರಿಚಯಿಸುವ ಹಂಬಲ ಹೊಸದಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ 'ಬಾಲ ಪ್ರಪಂಚ'ದ ಸಂಪುಟಗಳಿಗೆ ಕೈಹಾಕಿದ್ದರು. ಆದರೆ ಶಾಲೆಯಲ್ಲಿ ಪರಿಸರಕ್ಕೆ ಕಡ್ಡಾಯದ ಸ್ಥಾನ ಸಿಗಲು ನ್ಯಾಯಾಲಯವೇ ಹೇಳಬೇಕಾಯಿತು. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯವಾಗಿಸಲು ಸೂಚಿಸಿತು. 2003ರಲ್ಲಿ ಮಾದರಿ ಪಠ್ಯಕ್ರಮ ರೂಪಿಸುವ ಹೊಣೆ ರಾಷ್ಟ್ರೀಯ ಶೈಕ್ಷಣಿಕ ಮಂಡಳಿಯಾದ ಎನ್‌ಸಿಇಆರ್‌ಟಿಗೆ ಬಿತ್ತು. ಪಾಠವೇನೋ ಬಂತು, ಆದರೆ ಕರಾವಳಿಯ ಅಳಿವೆಯನ್ನೂ ಬಯಲುಸೀಮೆಯ ಕೆರೆಯನ್ನೂ ಒಂದೇ ಪಠ್ಯಪುಸ್ತಕ ಎಷ್ಟೆಂದು ಹಿಡಿದೀತು? ಪಠ್ಯದಾಚೆಗೆ ಓದಲು ಕಥೆಪುಸ್ತಕಗಳು ಬೇಕಿದ್ದವು. ಬಣ್ಣದ ಮುದ್ರಣವೋ ದುಬಾರಿ.

ದಾರಿ ತೆರೆದದ್ದು ತಂತ್ರಜ್ಞಾನ ಮಾತ್ರವಲ್ಲ, ಹಕ್ಕುಸ್ವಾಮ್ಯವನ್ನು ಸಡಿಲಿಸಿದ ನಿರ್ಧಾರವೂ ಹೌದು. 2004ರಲ್ಲಿ ಆರಂಭವಾದ ಬೆಂಗಳೂರಿನ ಮಕ್ಕಳ ಪುಸ್ತಕ ಪ್ರಕಾಶನ ಪ್ರಥಮ್ ಬುಕ್ಸ್, 2015ರ ಸೆಪ್ಟೆಂಬರಿನಲ್ಲಿ ಸ್ಟೋರಿವೀವರ್ ಎಂಬ ಡಿಜಿಟಲ್ ಕಥಾಭಂಡಾರ ತೆರೆದು, ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಒದಗಿಸಿತು. ಲೇಖಕರ, ಚಿತ್ರಕಾರರ ಹೆಸರು ನಮೂದಿಸಿದರೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಬದಲಿಸಿ ಮುದ್ರಿಸಲೂಬಹುದು. ಅನುವಾದಕ್ಕೆ ಕೂತವರ ಮುಂದೆ ಚಿತ್ರ ಹಾಗೆಯೇ ಇರುತ್ತದೆ, ಬರಹವಷ್ಟೇ ಬದಲಾಗುತ್ತದೆ. ರಾಜೀವ್ ಐಪ್ ಅವರ 'ಡೈವ್!' ಕಡಲೊಳಗಿನ ಜೀವಿಗಳನ್ನು ಚಿತ್ರಗಳ ಮೂಲಕ ತೋರಿಸುವ ಪುಸ್ತಕ. ಮಲ್ಪೆಯ ಶಿಕ್ಷಕಿಯೊಬ್ಬರು ಇಂಥ ಚಿತ್ರಗಳಿಗೆ ಬಂದರಿನ ಬಂಗುಡೆ, ಬೂತಾಯಿ ಮೀನುಗಳ ಮಾತು ಸೇರಿಸಿ ತಮ್ಮ ತರಗತಿಗೊಂದು ಆವೃತ್ತಿ ಮಾಡಿಕೊಳ್ಳಬೇಕೆಂದರೆ ಯಾರ ಅಪ್ಪಣೆಯೂ ಬೇಡ. ಪರಿಸರ ಊರಿಂದೂರಿಗೆ ಬೇರೆ. ಹಾಗಾಗಿ ಅದನ್ನು ಕಲಿಸುವ ಪುಸ್ತಕವೂ ಊರಿಗೆ ತಕ್ಕಂತೆ ಬದಲಾಗುವಂತಿರಬೇಕು. ಡಿಜಿಟಲ್ ಸಾಹಿತ್ಯದ ನಿಜವಾದ ಬಲ ಇದು.

ಮೊಬೈಲಿಗೆ ಅಂಟಿಕೊಂಡ ಮಕ್ಕಳಿಗೆ ಪ್ರಕೃತಿಯನ್ನೂ ಮೊಬೈಲಿನಲ್ಲೇ ತೋರಿಸುವುದೇ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಓದು ಪರದೆಯಲ್ಲೇ ಮುಗಿದರೆ ಅದು ಪರಿಸರ ಶಿಕ್ಷಣವೇ ಅಲ್ಲ. ಆದರೆ ಪ್ರತಿ ಮಗುವಿನ ಕೈಗೂ ಫೋನು ಕೊಡಬೇಕಿಲ್ಲ: ಶಿಕ್ಷಕರು ಒಮ್ಮೆ ಇಳಿಸಿಕೊಂಡ ಪುಸ್ತಕವನ್ನು ಮುದ್ರಿಸಬಹುದು, ನೆಟ್‌ವರ್ಕ್ ಇಲ್ಲದೆಡೆಯೂ ಗಟ್ಟಿಯಾಗಿ ಓದಿ ಹೇಳಬಹುದು. ಯಾರು ಬೇಕಾದರೂ ಅನುವಾದಿಸಿದರೆ ಗುಣಮಟ್ಟದ ಗತಿಯೇನು ಎಂಬ ಪ್ರಶ್ನೆ ಇನ್ನೂ ಗಟ್ಟಿ. ಹಕ್ಕಿಯ ಹೆಸರು ತಪ್ಪಿದರೆ ಮಗು ಕಲಿಯುವುದೂ ತಪ್ಪನ್ನೇ. ಅದಕ್ಕೆ ಮದ್ದು ಬಾಗಿಲು ಮುಚ್ಚುವುದಲ್ಲ, ಬಲ್ಲವರು ಒಳಬಂದು ತಿದ್ದುವುದು. ಕನ್ನಡದ ವಿಜ್ಞಾನ ಲೇಖಕರು, ಹಕ್ಕಿ ವೀಕ್ಷಕರು, ಸಸ್ಯಶಾಸ್ತ್ರದ ಅಧ್ಯಾಪಕರು ವರ್ಷಕ್ಕೆ ಒಂದೊಂದು ಪುಸ್ತಕದ ಕನ್ನಡವನ್ನಾದರೂ ಪರಿಶೀಲಿಸಿಕೊಡಲಿ. ಪರವಾನಗಿ ಸಿಕ್ಕಾಗಿದೆ, ಇನ್ನು ಬೇಕಿರುವುದು ದುಡಿಯುವ ಕೈಗಳು.