ಶಶಕ್ರಿಮಿವಿಚಾರ

ಬೆಂಗಳೂರಿನ ಪಶ್ಚಿಮದಲ್ಲಿ ಮಾಗಡಿಯ ದಾರಿಗೆ ಸೇರಿದ ಬ್ಯಾಡರಹಳ್ಳಿಯ ಹೆಸರು ‘ಬೇಡರ ಹಳ್ಳಿ’ ಎಂಬುದರ ಆಡುರೂಪವಾಗಿ ತೋರುತ್ತದೆ. ಬೇಡ, ಬೇಟೆನಾಯಿ, ಮೊಲ, ಈ ಮೂರರ ಸಂಬಂಧವು ಕನ್ನಡಿಗರಿಗೆ ಚಿರಪರಿಚಿತವಾದುದು. ಮೊಲವು ನಾಯನ್ನಟ್ಟಿದ ಗಂಡುನೆಲದಲ್ಲಿ ಪಟ್ಟಣವು ಹುಟ್ಟಿತೆಂಬ ಐತಿಹ್ಯವು ವಿಜಯನಗರಕ್ಕೂ ಕೆಂಪೇಗೌಡನ ಬೆಂಗಳೂರಿಗೂ ಸಲ್ಲುತ್ತದೆ. ಈ ಮೂರನ್ನೇ ಕಟ್ಟಿಹಾಕುವ ಇನ್ನೊಂದು ಸರಪಣಿ ಕ್ರಿಮಿಗಳದು.

ಮೊದಲು ಪದನಿರ್ಣಯ. ಇಂಗ್ಲಿಷಿನವರು ರ್ಯಾಬಿಟ್, ಹೇರ್ ಎಂದು ಭೇದಿಸುವ ಎರಡಕ್ಕೂ ಕನ್ನಡದಲ್ಲಿ ‘ಮೊಲ’ ಎಂಬುದೊಂದೇ ಶಬ್ದ. ಮೊದಲನೆಯದು ಬಿಲದಲ್ಲಿ ರೋಮವಿಲ್ಲದ, ಕಣ್ಣು ತೆರೆಯದ ಮರಿಗಳನ್ನು ಈಯುತ್ತದೆ. ಎರಡನೆಯದರ ಮರಿಗಳು ಬಯಲಿನಲ್ಲಿಯೇ ರೋಮಸಹಿತವಾಗಿ, ಕಣ್ದೆರೆದು ಹುಟ್ಟುತ್ತವೆ. ಕರ್ಣಾಟಕದ ಕಾಡುಮೊಲವು ಎರಡನೆಯ ವರ್ಗದ್ದು.

ಚರಕಸಂಹಿತೆಯ ವಿಮಾನಸ್ಥಾನದ ೭ನೆಯ ಅಧ್ಯಾಯವು ಮನುಷ್ಯರಿಗೆ ಬಾಧಕವಾದ ೨೦ ಬಗೆಯ ಕ್ರಿಮಿಗಳನ್ನೆಣಿಸಿ, ಕಫಜಗಳಲ್ಲಿ ಅಗಲವಾದ ಪಟ್ಟಿಯಂತಿರುವವು, ಎರೆಹುಳುವಿನಂತೆ ದುಂಡಾದವು, ನೂಲಿನಂತಿರುವವು ಎಂದು ಆಕಾರವನ್ನು ಹೇಳುತ್ತದೆ. ‘ಲಾಡಿಹುಳು’ ಎಂಬ ಕನ್ನಡ ಹೆಸರು ಮೊದಲನೆಯ ಆಕಾರವನ್ನೇ ಹಿಡಿದಿದೆ.

ಮೊಲದ ಲಾಡಿಹುಳುಗಳು ಎರಡು ತೆರ. ಒಂದು ತೆರದವು ಮೊಲದ ಕರುಳಿನಲ್ಲಿಯೇ ಪ್ರೌಢವಾಗುತ್ತವೆ. ಅವುಗಳ ತತ್ತಿಗಳು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಮಣ್ಣಿನ ಸೂಕ್ಷ್ಮ ನುಸಿಗಳ ಒಡಲನ್ನು ಸೇರಿ, ಹುಲ್ಲಿನೊಡನೆ ಮತ್ತೊಂದು ಮೊಲವನ್ನು ಹೊಗುತ್ತವೆ. ಇನ್ನೊಂದು ತೆರದವು ಪ್ರೌಢವಾಗುವುದು ನಾಯಿಯಲ್ಲಿ. ನಾಯಿಯ ಮಲದಿಂದ ಹುಲ್ಲಿಗೆ ಹತ್ತಿದ ತತ್ತಿಯನ್ನು ಮೊಲವು ನುಂಗಿದರೆ, ಭ್ರೂಣವು ಕರುಳನ್ನು ಭೇದಿಸಿ, ರಕ್ತಮಾರ್ಗದಿಂದ ಯಕೃತ್ತನ್ನು ಸೇರಿ, ಕಡೆಗೆ ಉದರದ ಪೊರೆಗಳಲ್ಲಿ ಬಟಾಣಿಯಷ್ಟು ನೀರ್ಗುಳ್ಳೆಯಾಗಿ ನಿಲ್ಲುತ್ತದೆ. ಆ ಒಳಗರುಳನ್ನು ತಿಂದ ನಾಯಿಯಲ್ಲಿ ಗುಳ್ಳೆಯು ಲಾಡಿಹುಳುವಾಗುತ್ತದೆ. ಗುಳ್ಳೆ ಬೇರೆ, ಹುಳು ಬೇರೆ ಎಂದು ಪಂಡಿತರು ಬಹುಕಾಲ ನಂಬಿದ್ದರು. ೧೮೫೦ರ ದಶಕದ ಆದಿಯಲ್ಲಿ ಜರ್ಮನಿಯ ವೈದ್ಯ ಕ್ಯೂಖೆನ್‌ಮೈಸ್ಟರನು ಮೊಲದ ಗುಳ್ಳೆಗಳನ್ನು ನಾಯಿಗಳಿಗೆ ಉಣಿಸಿ ಎರಡೂ ಒಂದೇ ಎಂದು ತೋರಿಸಿದನು. ನೂಲಿನಂತಹ ಹುಳುಗಳಿಗಾದರೋ ಇಂತಹ ಮಧ್ಯಾಶ್ರಯವು ಬೇಡ. ಮಲಿನವಾದ ಮೇವೇ ಅವುಗಳ ದಾರಿ.

ಚರಕನು ಕ್ರಿಮಿಗಳಿಗೆ ಅಪಕರ್ಷಣ, ಪ್ರಕೃತಿವಿಘಾತ, ನಿದಾನಪರಿವರ್ಜನ ಎಂಬ ಮೂರು ಉಪಾಯಗಳನ್ನು ಹೇಳಿದ್ದಾನೆ. ಕಾಡಿನ ಮೊಲಕ್ಕೆ ಔಷಧವನ್ನು ಕುಡಿಸಿ ಹುಳುವನ್ನು ಹೊರಡಿಸುವವರಾರು? ಇಲ್ಲಿ ಸಲ್ಲುವುದು ಮೂರನೆಯದು, ಎಂದರೆ ಕಾರಣವನ್ನು ತೊರೆಯುವುದು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಬೇಡನ ಪಾತ್ರವು ನಿಷಿದ್ಧವಾದರೂ, ಊರಂಚಿನ ನಾಯಿ ಸತ್ತ ಮೊಲವನ್ನು ಹುಡುಕಿ ತಿನ್ನದಿರದು. ಆದಕಾರಣ ಹಸಿಯ ಒಳಗರುಳನ್ನು ನಾಯಿಗೆ ಎಸೆಯದಿರುವುದೂ, ಸಾಕಿದ ನಾಯಿಗೆ ಕಾಲಕಾಲಕ್ಕೆ ಹುಳುವಿನ ಮದ್ದನ್ನು ಕೊಡುವುದೂ ಮನುಷ್ಯನ ಪಾಲಿನ ಕರ್ತವ್ಯ. ಐತಿಹ್ಯದ ಮೊಲವು ನಾಯನ್ನಟ್ಟಿತು. ಸತ್ತ ಮೊಲದ ಗುಳ್ಳೆಯೂ ನಾಯ ಒಡಲನ್ನು ಬಿಡದೆ ಹಿಡಿಯುತ್ತದೆ.